ಐಟಿ ಕೆಲಸದ ಹುಡುಕಾಟ ಉದ್ದವಾದಾಗ: ದಾವಣಗೆರೆಯಲ್ಲಿ ಇದ್ದುಕೊಂಡೇ ಕುಗ್ಗದೆ ಮುಂದುವರಿಯುವ ಬಗೆ

ಐಟಿ ಕೆಲಸ ಹುಡುಕುವವರನ್ನು ನಿರಾಕರಣೆಗಿಂತ ಹೆಚ್ಚಾಗಿ ದಣಿಸುವುದು ಮೌನ. ನಿರಾಕರಣೆಯ ಮೇಲ್ ಬಂದರೆ ಒಂದು ದಿನ ಬೇಸರವಾಗಿ ಅದು ಅಲ್ಲಿಗೆ ಮುಗಿಯುತ್ತದೆ. ಏನೂ ಬಾರದಿದ್ದಾಗ ಮಾತ್ರ ಅರ್ಜಿಯನ್ನು ಯಾರಾದರೂ ಓದಿದರೋ ಇಲ್ಲವೋ, ತಪ್ಪು ತನ್ನದೋ ಕಾಲದ್ದೋ ಎಂಬುದು ತಿಳಿಯದೆ ಮನಸ್ಸು ತನ್ನನ್ನೇ ದೂಷಿಸಲು ತೊಡಗುತ್ತದೆ. ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆಯಿಂದ ಕಂಪ್ಯೂಟರ್ ಸೈನ್ಸ್, ಇನ್ಫರ್ಮೇಷನ್ ಸೈನ್ಸ್, ಬಿಸಿಎ, ಎಂಸಿಎ ಮುಗಿಸಿ ಮನೆಯಲ್ಲಿ ಕುಳಿತು ಅರ್ಜಿ ಹಾಕುತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನ ಬರೆದಿದ್ದೇನೆ. ನಾನು ಹೇಳಬೇಕಾದ ಮುಖ್ಯ ಮಾತು ಒಂದೇ: ಉತ್ಸಾಹ ಬರಲಿ, ಆಮೇಲೆ ಕೆಲಸ ಮಾಡೋಣ ಎಂದು ಕಾಯಬಾರದು. ನಮ್ಮ ಪ್ರಯತ್ನ ಯಾವ ಹಂತದಲ್ಲಿ ಸಿಕ್ಕಿಹಾಕಿಕೊಂಡಿದೆ ಎಂಬುದನ್ನು ಪತ್ತೆ ಹಚ್ಚಿದರೆ ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕು ಎಂಬುದು ಸ್ಪಷ್ಟವಾಗುತ್ತದೆ, ಮತ್ತು ಮಾಡಬೇಕಾದದ್ದು ಸ್ಪಷ್ಟವಾಗಿರುವವರು ಅಷ್ಟು ಸುಲಭವಾಗಿ ಕುಗ್ಗುವುದಿಲ್ಲ.

ಮೊದಲು ಕಾಲದ ಪಾಲನ್ನು ಕಾಲಕ್ಕೆ ಬಿಡಿ

ಕೆಲಸ ಸಿಗದಿರುವುದರಲ್ಲಿ ನಿಮ್ಮ ಪಾಲು ಎಷ್ಟು, ಮಾರುಕಟ್ಟೆಯ ಪಾಲು ಎಷ್ಟು ಎಂಬುದನ್ನು ಬೇರ್ಪಡಿಸಿ ನೋಡದಿದ್ದರೆ ಎಲ್ಲ ಭಾರವೂ ನಿಮ್ಮ ತಲೆಯ ಮೇಲೆಯೇ ಬೀಳುತ್ತದೆ. ಕೋವಿಡ್ ನಂತರದ 2021–22ರಲ್ಲಿ ಭಾರತದ ಐಟಿ ಸೇವಾ ಕಂಪನಿಗಳು ಹಿಂದೆಂದೂ ಇಲ್ಲದಷ್ಟು ಫ್ರೆಶರ್‌ಗಳನ್ನು, ಅಂದರೆ ಅನುಭವವಿಲ್ಲದ ಹೊಸ ಪದವೀಧರರನ್ನು, ಸೇರಿಸಿಕೊಂಡವು. ಅದರ ಬೆನ್ನಿಗೇ, 2022ರ ಮಾರ್ಚ್‌ನಲ್ಲಿ ಸೊನ್ನೆಯ ಸಮೀಪದಲ್ಲಿದ್ದ ಬಡ್ಡಿದರವನ್ನು ಅಮೆರಿಕದ ಕೇಂದ್ರೀಯ ಬ್ಯಾಂಕ್ 2023ರ ಜುಲೈ ಹೊತ್ತಿಗೆ ಶೇ 5.25–5.5ಕ್ಕೆ ಏರಿಸಿತು, ಅಲ್ಲಿನ ಬ್ಯಾಂಕುಗಳು ಮತ್ತು ಚಿಲ್ಲರೆ ವ್ಯಾಪಾರದ ಕಂಪನಿಗಳು ತುರ್ತಲ್ಲದ ತಂತ್ರಾಂಶ ಯೋಜನೆಗಳನ್ನು ಮುಂದೂಡಿದವು, ಆ ಯೋಜನೆಗಳನ್ನೇ ನಂಬಿಕೊಂಡಿದ್ದ ನಮ್ಮ ಕಂಪನಿಗಳು ಹೊಸಬರನ್ನು ಸೇರಿಸಿಕೊಳ್ಳುವುದನ್ನು ತಗ್ಗಿಸಿದವು. 2023–24ರ ಆರ್ಥಿಕ ವರ್ಷವೊಂದರಲ್ಲೇ ಟಿಸಿಎಸ್, ಇನ್ಫೋಸಿಸ್ ಮತ್ತು ವಿಪ್ರೊ ಈ ಮೂರು ಕಂಪನಿಗಳ ಒಟ್ಟು ಸಿಬ್ಬಂದಿ ಸಂಖ್ಯೆ 60 ಸಾವಿರಕ್ಕೂ ಹೆಚ್ಚು ಇಳಿಯಿತು. ಇದರ ಜೊತೆಗೆ, ಹಿಂದೆ ಫ್ರೆಶರ್‌ಗಳ ಕೈಗೆ ಕೊಡುತ್ತಿದ್ದ ಸಣ್ಣಪುಟ್ಟ ಟೆಸ್ಟಿಂಗ್ ಮತ್ತು ಕೋಡಿಂಗ್ ಕೆಲಸಗಳ ಒಂದು ಭಾಗವನ್ನು ಕೃತಕ ಬುದ್ಧಿಮತ್ತೆಯ ಸಾಧನಗಳು ಮಾಡತೊಡಗಿವೆ.

ಇದನ್ನು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ದಾವಣಗೆರೆಯಲ್ಲಿ ಯುಬಿಡಿಟಿ ಕಾಲೇಜು 1951ರಿಂದ, ಬಾಪೂಜಿ ಎಂಜಿನಿಯರಿಂಗ್ ಕಾಲೇಜು 1979ರಿಂದ ಎಂಜಿನಿಯರುಗಳನ್ನು ತಯಾರು ಮಾಡುತ್ತಿವೆ. ಹಾಗಾಗಿ ಬೀದಿಗೊಬ್ಬರಾದರೂ ಬೆಂಗಳೂರಿನಲ್ಲೋ ಅಮೆರಿಕದಲ್ಲೋ ನೆಲೆನಿಂತವರು ಇದ್ದಾರೆ, ಮತ್ತು ಮನೆಯವರ ಕಣ್ಣಿನಲ್ಲಿ ಅವರೇ ಅಳತೆಗೋಲು. 2021ರಲ್ಲಿ ಪಾಸಾದ ಪಕ್ಕದ ಮನೆಯ ಹುಡುಗನಿಗೆ ಎರಡೆರಡು ಆಫರ್ ಸಿಕ್ಕಿದ್ದರೆ, ಅದೇ ಕಾಲೇಜಿನಲ್ಲಿ ಅದೇ ಅಂಕ ಪಡೆದು ಎರಡು ಮೂರು ವರ್ಷ ತಡವಾಗಿ ಹೊರಬಂದ ಹುಡುಗಿಗೆ ಒಂದೂ ಸಿಗದಿರುವುದು ಆಕೆಯ ಯೋಗ್ಯತೆಯ ಮೇಲಿನ ತೀರ್ಪಾಗುವುದಿಲ್ಲ. ಈ ಮಾತನ್ನು ನೀವು ಅರಿತರಷ್ಟೇ ಸಾಲದು. ಅಂಕಿಅಂಶಗಳ ಸಮೇತ ಒಮ್ಮೆ ತಂದೆತಾಯಿಗೂ ಕುಳಿತು ವಿವರಿಸಿ. ಅಡಿಕೆಯ ಧಾರಣೆ, ಮೆಕ್ಕೆಜೋಳದ ಧಾರಣೆ ಯಾಕೆ ಬೀಳುತ್ತದೆ ಎಂಬುದನ್ನು ಅರಿತವರಿಗೆ ಇದು ಅರ್ಥವಾಗದ ವಿಷಯವೇನಲ್ಲ. ಆದರೆ ಮಾರುಕಟ್ಟೆಯ ಸುದ್ದಿಯನ್ನು ಪ್ರತಿದಿನ ಓದುತ್ತಾ ಕೂರಬೇಡಿ. ತಿಂಗಳಿಗೊಮ್ಮೆ ಓದಿದರೆ ಸಾಕು. ಉಳಿದ ದಿನ ಅದರಿಂದ ಯಾವ ಪ್ರಯೋಜನವೂ ಇಲ್ಲ.

ಮೌನವನ್ನು ಓದುವುದು

ಒಂದು ನೋಟ್‌ಬುಕ್ ಅಥವಾ ಗೂಗಲ್ ಶೀಟ್ ತೆಗೆದುಕೊಂಡು ಈವರೆಗೆ ಹಾಕಿದ ಅರ್ಜಿಗಳನ್ನೆಲ್ಲ ನೆನಪಿಗೆ ಬಂದಷ್ಟು ಬರೆಯಿರಿ: ಕಂಪನಿ, ಹುದ್ದೆ, ದಿನಾಂಕ, ಯಾವ ದಾರಿಯಿಂದ ಹಾಕಿದ್ದು, ಯಾವ ಹಂತದವರೆಗೆ ಹೋಯಿತು. ನೌಕ್ರಿ ಎಂಬ ಉದ್ಯೋಗ ತಾಣದಿಂದಲೋ, ಲಿಂಕ್ಡ್‌ಇನ್‌ನಿಂದಲೋ, ಕಂಪನಿಯ ಸ್ವಂತ ತಾಣದಿಂದಲೋ, ಪರಿಚಯದವರು ತಮ್ಮ ಕಂಪನಿಗೆ ಮಾಡುವ ಶಿಫಾರಸಿನಿಂದಲೋ (ರೆಫರಲ್) ಎಂಬ ಕಾಲಂ ಬಹಳ ಮುಖ್ಯ. ಹೀಗೆ ಬರೆದು ನೋಡಿದಾಗ ಎಲ್ಲವೂ ಒಂದೇ ಬಗೆಯ ಸೋಲು ಎಂದು ತೋರುತ್ತಿದ್ದದ್ದು ನಾಲ್ಕು ಬೇರೆ ಬೇರೆ ತೊಂದರೆಗಳಾಗಿ ಒಡೆದು ಕಾಣುತ್ತದೆ, ಮತ್ತು ಒಂದೊಂದಕ್ಕೂ ಮದ್ದು ಬೇರೆ.

ಕರೆಯೇ ಬರುತ್ತಿಲ್ಲ ಎಂದಾದರೆ ತೊಂದರೆ ನಿಮ್ಮ ಕೋಡಿಂಗ್‌ನಲ್ಲಿ ಇರಲಾರದು, ಏಕೆಂದರೆ ನಿಮ್ಮ ಕೋಡಿಂಗನ್ನು ಇನ್ನೂ ಯಾರೂ ನೋಡಿಯೇ ಇಲ್ಲ. ಇಲ್ಲಿ ರೆಸ್ಯೂಮೆಯನ್ನೂ ಅರ್ಜಿ ಹಾಕುವ ದಾರಿಯನ್ನೂ ಸರಿಪಡಿಸಬೇಕು. ಆ ಬಗ್ಗೆ ಮುಂದೆ ಹೇಳುತ್ತೇನೆ. ಆನ್‌ಲೈನ್ ಪರೀಕ್ಷೆಯಲ್ಲೇ ನಿಲ್ಲುತ್ತಿದ್ದರೆ ಅದು ಅಭ್ಯಾಸದ ವಿಷಯ. ಆಪ್ಟಿಟ್ಯೂಡ್ ಮತ್ತು ಮೂಲಭೂತ ಡೇಟಾ ಸ್ಟ್ರಕ್ಚರ್‌ಗಳನ್ನು ದಿನಕ್ಕೆ ಎರಡು ಗಂಟೆ, ಗಡಿಯಾರ ಇಟ್ಟುಕೊಂಡು ಮಾಡಿದರೆ ಕೆಲವು ತಿಂಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಸಮಯದ ಮಿತಿಯಿಲ್ಲದೆ, ಉತ್ತರ ನೋಡಿಕೊಂಡು ಬಿಡಿಸಿದ ಲೆಕ್ಕ ಪರೀಕ್ಷೆಯಲ್ಲಿ ನೆರವಿಗೆ ಬರುವುದಿಲ್ಲ.

ತಾಂತ್ರಿಕ ಸಂದರ್ಶನದಲ್ಲಿ ಬೀಳುತ್ತಿದ್ದರೆ, ಸಂದರ್ಶನ ಮುಗಿದ ಅರ್ಧ ಗಂಟೆಯೊಳಗೆ ಕೇಳಿದ ಪ್ರಶ್ನೆಗಳನ್ನೆಲ್ಲ ಬರೆದಿಟ್ಟುಕೊಳ್ಳಿ. ಮರುದಿನಕ್ಕೆ ಅರ್ಧ ಮರೆತುಹೋಗಿರುತ್ತದೆ. ಮೂರು ನಾಲ್ಕು ಸಂದರ್ಶನಗಳ ಪಟ್ಟಿಯನ್ನು ಪಕ್ಕಪಕ್ಕ ಇಟ್ಟರೆ ಅವೇ ಪ್ರಶ್ನೆಗಳು ಮರುಕಳಿಸುವುದು ಗೊತ್ತಾಗುತ್ತದೆ: ಎಸ್‌ಕ್ಯೂಎಲ್‌ನಲ್ಲಿ ಇನ್ನರ್ ಜಾಯಿನ್ ಮತ್ತು ಲೆಫ್ಟ್ ಜಾಯಿನ್‌ಗೆ ಇರುವ ವ್ಯತ್ಯಾಸ, ಎರಡನೆಯ ಅತಿ ಹೆಚ್ಚು ಸಂಬಳ ಹುಡುಕುವ ಕ್ವೆರಿ, ಜಾವಾದಲ್ಲಿ ಇಂಟರ್‌ಫೇಸ್ ಮತ್ತು ಅಬ್‌ಸ್ಟ್ರಾಕ್ಟ್ ಕ್ಲಾಸ್, ಬ್ರೌಸರ್‌ನಲ್ಲಿ ವಿಳಾಸ ಟೈಪ್ ಮಾಡಿದ ಮೇಲೆ ಏನೇನು ನಡೆಯುತ್ತದೆ. ಸಂದರ್ಶಕರ ಕುರ್ಚಿಯಲ್ಲಿ ಕುಳಿತು ನೋಡಿದವನಾಗಿ ಹೇಳುವುದಾದರೆ, ಫ್ರೆಶರ್‌ನಿಂದ ನಾವು ನಿರೀಕ್ಷಿಸುವುದು ಎಲ್ಲ ಪ್ರಶ್ನೆಗಳಿಗೂ ಉತ್ತರವನ್ನಲ್ಲ. ಗೊತ್ತಿಲ್ಲದ ಪ್ರಶ್ನೆ ಬಂದಾಗ ಆತ ಗೊತ್ತಿರುವುದರಿಂದ ಹೊರಟು ಎಷ್ಟು ದೂರ ಯೋಚಿಸಬಲ್ಲ ಎಂಬುದನ್ನು ನೋಡುತ್ತೇವೆ. ಆದ್ದರಿಂದ ಯೋಚನೆಯನ್ನು ಬಾಯಿಬಿಟ್ಟು ಹೇಳುವುದನ್ನು ಅಭ್ಯಾಸ ಮಾಡಿ. ಮೌನವಾಗಿ ಸರಿಯುತ್ತರ ಹುಡುಕುತ್ತಿರುವವರಿಗೂ ಏನೂ ಹೊಳೆಯದೆ ಕುಳಿತವರಿಗೂ ಪರದೆಯ ಈಚೆಯಿಂದ ವ್ಯತ್ಯಾಸ ಕಾಣುವುದಿಲ್ಲ.

ಕೊನೆಯ ಎಚ್‌ಆರ್ ಸುತ್ತಿನವರೆಗೆ ಹೋಗಿ ನಿಲ್ಲುತ್ತಿದ್ದರೆ ಧೈರ್ಯವಾಗಿರಿ. ಅಲ್ಲಿ ಒಂದು ಹುದ್ದೆಗೆ ನಾಲ್ಕೈದು ಯೋಗ್ಯರಿರುತ್ತಾರೆ, ಕೆಲವೊಮ್ಮೆ ಹುದ್ದೆಯೇ ರದ್ದಾಗಿರುತ್ತದೆ. ನೀವು ಬದಲಿಸಬೇಕಾದದ್ದು ಕಡಿಮೆ. ಹೋದ ದಾರಿಯಲ್ಲೇ ಮತ್ತಷ್ಟು ಸಲ ಹೋಗಬೇಕು.

ರೆಸ್ಯೂಮೆಯ ಒಂದು ಸಾಲು

ನಮ್ಮ ಭಾಗದ ಹಲವಾರು ರೆಸ್ಯೂಮೆಗಳಲ್ಲಿ ಪ್ರಾಜೆಕ್ಟ್ ವಿಭಾಗದ ಸಾಲು ಹೆಚ್ಚುಕಡಿಮೆ ಹೀಗಿರುತ್ತದೆ: ‘ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್, ಜಾವಾ ಮತ್ತು ಮೈಎಸ್‌ಕ್ಯೂಎಲ್ ಬಳಸಿ ತಂಡದಲ್ಲಿ ಅಭಿವೃದ್ಧಿಪಡಿಸಲಾಗಿದೆ.’ ಇದನ್ನು ಓದಿದವರಿಗೆ ನೀವು ಏನು ಮಾಡಿದಿರಿ ಎಂಬುದು ತಿಳಿಯುವುದಿಲ್ಲ. ನಾಲ್ವರ ತಂಡದಲ್ಲಿ ಮೂವರು ಕೈಕಟ್ಟಿ ಕುಳಿತಿದ್ದರೂ ಇದೇ ಸಾಲನ್ನು ಬರೆಯಬಹುದು. ಅದೇ ಸಾಲನ್ನು ‘ಪುಸ್ತಕ ಹಿಂದಿರುಗಿಸುವ ದಿನಾಂಕ ಮೀರಿದವರ ಪಟ್ಟಿ ತಯಾರಿಸುವ ಭಾಗವನ್ನು ನಾನು ಬರೆದೆ, ದಾಖಲೆಗಳು ಹೆಚ್ಚಾದಾಗ ಹುಡುಕಾಟ ನಿಧಾನವಾಗಿದ್ದರಿಂದ ಎರಡು ಕಾಲಂಗಳಿಗೆ ಇಂಡೆಕ್ಸ್ ಸೇರಿಸಿ ಸರಿಪಡಿಸಿದೆ’ ಎಂದು ಬರೆದರೆ, ಸಂದರ್ಶಕರಿಗೆ ಕೇಳಲು ಒಂದು ಪ್ರಶ್ನೆ ಸಿಗುತ್ತದೆ ಮತ್ತು ಆ ಪ್ರಶ್ನೆಗೆ ಉತ್ತರ ನಿಮ್ಮಲ್ಲಿರುತ್ತದೆ. ಮಾಡದೇ ಇದ್ದುದನ್ನು ಬರೆಯಬೇಡಿ. ಮಾಡಿದ್ದನ್ನು ಹತ್ತಿರದಿಂದ ತೋರಿಸಿ.

ಅಂತಹ ಕೆಲಸವನ್ನೇ ಮಾಡಿಲ್ಲ ಎನ್ನುವವರು ಈಗ ಮಾಡಬಹುದು, ಮತ್ತು ಖಾಲಿ ತಿಂಗಳುಗಳಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ಇಲ್ಲ. ದಾವಣಗೆರೆಯ ಸುತ್ತಲಿನ ರೈತರಿಗೆ ಮೆಕ್ಕೆಜೋಳದ ಧಾರಣೆ ದಿನನಿತ್ಯದ ಪ್ರಶ್ನೆ. ದೇಶದ ಎಪಿಎಂಸಿ ಮಾರುಕಟ್ಟೆಗಳ ದೈನಂದಿನ ಧಾರಣೆಯನ್ನು ಕೇಂದ್ರ ಸರ್ಕಾರದ ಮುಕ್ತ ದತ್ತಾಂಶ ತಾಣದಿಂದ ಎಪಿಐ (ಒಂದು ತಂತ್ರಾಂಶ ಇನ್ನೊಂದರಿಂದ ದತ್ತಾಂಶ ಕೇಳಿ ಪಡೆಯುವ ವ್ಯವಸ್ಥೆ) ಮೂಲಕ ಪಡೆಯಬಹುದು. ಅದನ್ನು ಪ್ರತಿದಿನ ತಂದು, ಡೇಟಾಬೇಸ್‌ನಲ್ಲಿ ಇಟ್ಟು, ದಾವಣಗೆರೆ, ಚಿತ್ರದುರ್ಗ, ರಾಣೆಬೆನ್ನೂರು ಮಾರುಕಟ್ಟೆಗಳನ್ನು ಹೋಲಿಸಿ ಕನ್ನಡದಲ್ಲಿ ತೋರಿಸುವ ಒಂದು ಪುಟ್ಟ ತಾಣವನ್ನು ಒಬ್ಬರೇ ಕಟ್ಟಬಹುದು. ಕಟ್ಟುವಾಗ ನಿಜವಾದ ತೊಡಕುಗಳು ಎದುರಾಗುತ್ತವೆ: ಕೆಲವು ದಿನ ದತ್ತಾಂಶವೇ ಬಂದಿರುವುದಿಲ್ಲ, ಒಂದೇ ಊರಿನ ಹೆಸರು ಎರಡು ಬಗೆಯ ಕಾಗುಣಿತದಲ್ಲಿರುತ್ತದೆ, ಧಾರಣೆಯ ಕಾಲಂನಲ್ಲಿ ಸೊನ್ನೆ ಇರುತ್ತದೆ. ಇವನ್ನು ಹೇಗೆ ನಿಭಾಯಿಸಿದಿರಿ ಎಂಬುದನ್ನು ಹೇಳಲು ಹೊರಟರೆ ಸಂದರ್ಶನದಲ್ಲಿ ಇಪ್ಪತ್ತು ನಿಮಿಷ ನಿರಾತಂಕವಾಗಿ ಮಾತನಾಡಬಹುದು. ಕೋಡನ್ನು ಎಲ್ಲರೂ ನೋಡಬಹುದಾದ ಗಿಟ್‌ಹಬ್ ತಾಣದಲ್ಲಿ ಇಟ್ಟು, ಅದು ಏನು ಮಾಡುತ್ತದೆ, ಹೇಗೆ ಚಾಲೂ ಮಾಡಬೇಕು ಎಂಬುದನ್ನು ಅದರ ಜೊತೆಗಿನ ರೀಡ್‌ಮಿ ಎಂಬ ಪರಿಚಯ ಪುಟದಲ್ಲಿ ಸರಳವಾಗಿ ಬರೆಯಿರಿ. ಎಐ ಸಾಧನದ ನೆರವು ಪಡೆಯುವುದರಲ್ಲಿ ತಪ್ಪಿಲ್ಲ, ಆದರೆ ನಿಮ್ಮ ಕೋಡಿನ ಪ್ರತಿ ಸಾಲು ಯಾಕಿದೆ ಎಂದು ಕೇಳಿದರೆ ಹೇಳುವಂತಿರಬೇಕು.

ಇಂತಹ ಕೆಲಸಕ್ಕೆ ಮತ್ತೊಂದು ಗುಣವಿದೆ. ಅರ್ಜಿಗಳಿಗೆ ಉತ್ತರ ಬಾರದ ವಾರದಲ್ಲೂ ತಾಣಕ್ಕೆ ಹೊಸದೊಂದು ಪುಟ ಸೇರಿರುತ್ತದೆ, ಹಳೆಯ ದೋಷವೊಂದು ಹೋಗಿರುತ್ತದೆ. ನಿನ್ನೆಗಿಂತ ಇವತ್ತು ಮುಂದೆ ಬಂದಿದ್ದೇನೆ ಎಂಬುದಕ್ಕೆ ಕಣ್ಣೆದುರು ಸಾಕ್ಷಿ ಇರುತ್ತದೆ. ಮನೋಬಲದ ಬಗ್ಗೆ ಯಾರು ಎಷ್ಟು ಉಪದೇಶ ಹೇಳಿದರೂ ಈ ಸಾಕ್ಷಿಯಷ್ಟು ಕೆಲಸ ಮಾಡುವುದಿಲ್ಲ.

ದಿನಕ್ಕೆ ನೂರು ಅರ್ಜಿ ಬೇಡ

ಒಂದೇ ಗುಂಡಿ ಒತ್ತಿ ದಿನಕ್ಕೆ ನೂರು ಅರ್ಜಿ ಹಾಕುವುದು ಶ್ರಮದಂತೆ ತೋರುತ್ತದೆ, ಆದರೆ ಅದು ನೂರು ಮೌನಗಳನ್ನು ಕೈಯಾರೆ ತಂದುಕೊಂಡಂತೆ. ಅರ್ಜಿಗಳು ಸಾವಿರಗಟ್ಟಲೆ ಬರುವ ಕಡೆ ಕಂಪನಿಗಳು ತಂತ್ರಾಂಶದ ನೆರವಿನಿಂದ ಮೊದಲ ಜರಡಿ ಹಿಡಿಯುತ್ತವೆ. ಜಾಹೀರಾತಿನಲ್ಲಿ ಕೇಳಿದ ಕೌಶಲ, ಪಾಸಾದ ವರ್ಷ, ಕಟ್‌ಆಫ್ ಅಂಕ ಹೊಂದದ ರೆಸ್ಯೂಮೆ ಮನುಷ್ಯರ ಕಣ್ಣಿಗೆ ಬೀಳುವುದು ಕಷ್ಟ. ನನ್ನ ಅಭಿಪ್ರಾಯದಲ್ಲಿ ದಿನಕ್ಕೆ ನಾಲ್ಕೈದು ಅರ್ಜಿ ಸಾಕು, ಆದರೆ ಪ್ರತಿಯೊಂದಕ್ಕೂ ಜಾಹೀರಾತನ್ನು ಪೂರ್ತಿ ಓದಿ, ನಿಮ್ಮಲ್ಲಿರುವ ಕೌಶಲವನ್ನು ಅವರು ಬಳಸಿದ ಪದದಲ್ಲೇ ಬರೆದು ಕಳುಹಿಸಬೇಕು. ರೆಸ್ಯೂಮೆ ಒಂದೇ ಪುಟವಿರಲಿ; ಎರಡು ಕಾಲಂ, ಚಿತ್ರ, ಬಣ್ಣದ ಪಟ್ಟಿಗಳು ಬೇಡ, ಅವನ್ನು ಜರಡಿಯ ತಂತ್ರಾಂಶ ಸರಿಯಾಗಿ ಓದದೇ ಇರಬಹುದು. ನೌಕ್ರಿಯಲ್ಲಿನ ಪ್ರೊಫೈಲನ್ನು ಆಗಾಗ ಪರಿಷ್ಕರಿಸಿ, ಏಕೆಂದರೆ ಇತ್ತೀಚೆಗೆ ಸಕ್ರಿಯರಾಗಿರುವವರನ್ನೇ ನೇಮಕಾತಿಯವರು ಮೊದಲು ಹುಡುಕುತ್ತಾರೆ.

ರೆಫರಲ್ ಕೇಳುವುದಕ್ಕೆ ನಮ್ಮವರು ಬಹಳ ಸಂಕೋಚಪಡುತ್ತಾರೆ. ಕೈಚಾಚಿದಂತಾಗುತ್ತದೆ ಎಂಬ ಭಾವನೆ ಇದಕ್ಕೆ ಕಾರಣ. ಆದರೆ ಹಲವು ಕಂಪನಿಗಳಲ್ಲಿ ರೆಫರ್ ಮಾಡಿದ ಉದ್ಯೋಗಿಗೆ, ಆ ಅಭ್ಯರ್ಥಿ ಸೇರಿದರೆ, ಬೋನಸ್ ಕೊಡುವ ಪದ್ಧತಿ ಇದೆ. ಹಾಗಾಗಿ ನೀವು ಕೇಳುವುದು ಉಪಕಾರವೊಂದನ್ನೇ ಅಲ್ಲ. ನಿಮ್ಮ ಕಾಲೇಜಿನ ಹಿರಿಯರನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ, ‘ನಮಸ್ಕಾರ, ನಾನೂ ಅದೇ ಕಾಲೇಜಿನವಳು, ಈ ವರ್ಷ ಪಾಸಾಗಿದ್ದೇನೆ. ನಿಮ್ಮ ಕಂಪನಿಯ ಈ ಸಂಖ್ಯೆಯ ಹುದ್ದೆಗೆ ನನ್ನ ಕೌಶಲಗಳು ಹೊಂದುತ್ತವೆ ಎನ್ನಿಸಿತು. ರೆಸ್ಯೂಮೆ ಲಗತ್ತಿಸಿದ್ದೇನೆ, ಸರಿಯೆನಿಸಿದರೆ ರೆಫರ್ ಮಾಡಬಹುದೇ?’ ಎಂದು ಬರೆದರೆ ಸಾಕು. ‘ಸರ್, ಯಾವುದಾದರೂ ಕೆಲಸ ಇದ್ದರೆ ನೋಡಿ’ ಎಂಬ ಸಂದೇಶಕ್ಕೆ ಒಳ್ಳೆಯ ಮನಸ್ಸಿನವರಿಗೂ ಏನು ಉತ್ತರಿಸಬೇಕೆಂದು ತಿಳಿಯುವುದಿಲ್ಲ. ವಾರದ ನಂತರ ಒಮ್ಮೆ ನೆನಪಿಸಿ; ಅದಕ್ಕೂ ಉತ್ತರ ಬಾರದಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳದೆ ಮುಂದಿನವರನ್ನು ಕೇಳಿ.

ಮನೆ, ಓಣಿ, ಮದುವೆಮನೆ

ದಾವಣಗೆರೆಯಂತಹ ಊರಿನಲ್ಲಿ ಕೆಲಸ ಹುಡುಕುವುದರ ಕಷ್ಟ ಲ್ಯಾಪ್‌ಟಾಪಿನ ಮುಂದೆ ಇರುವುದಕ್ಕಿಂತ ಹೆಚ್ಚು ಕಲ್ಯಾಣ ಮಂಟಪದ ಊಟದ ಸಾಲಿನಲ್ಲಿದೆ. ‘ಏನಪ್ಪ, ಎಲ್ಲಿ ಕೆಲಸ?’ ಎಂದು ಎಡಗಡೆಯವರು ಕೇಳುತ್ತಾರೆ, ಉತ್ತರ ಮುಗಿಯುವ ಮೊದಲೇ ಬಲಗಡೆಯವರು ‘ನಮ್ಮ ತಮ್ಮನ ಮಗ ಇನ್ಫೋಸಿಸ್‌ನಲ್ಲಿದಾನೆ, ಕೇಳಿಸ್ಲಾ?’ ಎನ್ನುತ್ತಾರೆ. ಇವರಲ್ಲಿ ಬಹುಪಾಲು ಜನಕ್ಕೆ ಕೆಟ್ಟ ಉದ್ದೇಶವಿರುವುದಿಲ್ಲ, ಆದರೂ ಹತ್ತನೆಯ ಸಲ ಕೇಳಿದಾಗ ಊಟ ಗಂಟಲಲ್ಲಿ ಇಳಿಯುವುದಿಲ್ಲ. ಇದಕ್ಕೆ ಒಂದು ಸಿದ್ಧ ಉತ್ತರ ಇಟ್ಟುಕೊಳ್ಳಿ: ‘ಬ್ಯಾಕೆಂಡ್ ಕೆಲಸಕ್ಕೆ ಪ್ರಯತ್ನ ನಡೀತಿದೆ, ಎರಡು ಕಡೆ ಸಂದರ್ಶನ ಆಗಿದೆ. ಅಣ್ಣನ ನಂಬರ್ ಕೊಡಿ, ನಾನೇ ರೆಸ್ಯೂಮೆ ಕಳಿಸ್ತೀನಿ.’ ಇದು ನಿಜವೂ ಹೌದು, ಮಾತನ್ನು ಅಲ್ಲಿಗೆ ಮುಗಿಸುತ್ತದೆ, ಕೆಲವೊಮ್ಮೆ ನಿಜವಾಗಿಯೂ ಒಂದು ರೆಫರಲ್ ತಂದುಕೊಡುತ್ತದೆ. ಸಮಾರಂಭಗಳನ್ನೆಲ್ಲ ತಪ್ಪಿಸಿಕೊಂಡು ಕೋಣೆಯೊಳಗೆ ಉಳಿಯುವುದು ಮಾತ್ರ ಬೇಡ. ಹಾಗೆ ಉಳಿದವರಿಗೆ ದಿನಗಳು ಇನ್ನಷ್ಟು ಭಾರವಾಗುವುದನ್ನು ಕಂಡಿದ್ದೇನೆ.

ಮನೆಯವರೊಂದಿಗೆ ಬೇರೆಯೇ ಒಪ್ಪಂದ ಬೇಕು. ಪ್ರತಿ ಸಂಜೆ ‘ಏನಾಯ್ತು?’ ಎಂದು ಕೇಳುವ ಬದಲು ಭಾನುವಾರಕ್ಕೊಮ್ಮೆ ನೀವೇ ವಾರದ ವರದಿ ಕೊಡುತ್ತೇನೆ ಎನ್ನಿ: ಎಷ್ಟು ಅರ್ಜಿ, ಎಷ್ಟು ಕರೆ, ಏನು ಕಲಿತದ್ದು. ಶುಲ್ಕಕ್ಕೆ ಸಾಲ ಮಾಡಿದ ತಂದೆಗೆ ಮಗ ದಿನವಿಡೀ ಮೊಬೈಲ್ ನೋಡುತ್ತಿದ್ದಾನೆ ಎಂದು ಕಾಣುವುದು ಸಹಜ. ಕಣ್ಣಿಗೆ ಕಾಣುವ ವೇಳಾಪಟ್ಟಿಯೊಂದು ಗೋಡೆಯ ಮೇಲಿದ್ದರೆ ಆ ಸಂಶಯ ತಗ್ಗುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ ಈ ಒಪ್ಪಂದ ಇನ್ನೂ ಮುಖ್ಯ, ಏಕೆಂದರೆ ಕೆಲಸ ತಡವಾದಷ್ಟೂ ಮದುವೆಯ ಮಾತು ಹತ್ತಿರವಾಗುತ್ತದೆ. ಇಂತಿಷ್ಟು ತಿಂಗಳು ಆ ಮಾತು ಬೇಡ ಎಂದು ಮೊದಲೇ, ಜಗಳವಿಲ್ಲದ ಒಂದು ದಿನ, ಸ್ಪಷ್ಟವಾಗಿ ಹೇಳಿ ಒಪ್ಪಿಸಿಕೊಳ್ಳುವುದು ಒಳ್ಳೆಯದು.

ದಿನದ ಒಂದು ಭಾಗವನ್ನು ಮನೆಯ ಹೊರಗೆ ಕಳೆಯಿರಿ. ಬೆಳಿಗ್ಗೆ ಕುಂದುವಾಡ ಕೆರೆಯ ಏರಿಯ ಮೇಲೆ ಒಂದು ಸುತ್ತು ನಡೆದು ಬಂದು, ಹತ್ತು ಗಂಟೆಗೆ ಗ್ರಂಥಾಲಯದಲ್ಲೋ ಹಳೆಯ ಕಾಲೇಜಿನ ಓದುವ ಕೋಣೆಯಲ್ಲೋ ಕುಳಿತರೆ, ಕೆಲಸಕ್ಕೆ ಹೋಗುವವರ ದಿನಚರಿಯೇ ನಿಮ್ಮದೂ ಆಗುತ್ತದೆ. ಸಂಜೆ ಆರಕ್ಕೆ ಅರ್ಜಿ, ಮೇಲ್ ಎರಡನ್ನೂ ಮುಚ್ಚಿಬಿಡಿ. ಇದೇ ಸ್ಥಿತಿಯಲ್ಲಿರುವ ಮೂರು ನಾಲ್ಕು ಗೆಳೆಯರು ವಾರಕ್ಕೊಮ್ಮೆ ಸೇರಿ ಒಬ್ಬರನ್ನೊಬ್ಬರು ಸಂದರ್ಶನ ಮಾಡುವುದಂತೂ ನಾನು ಕಂಡಿರುವ ಅತ್ಯಂತ ಪರಿಣಾಮಕಾರಿಯಾದ, ಒಂದು ಪೈಸೆಯೂ ಖರ್ಚಿಲ್ಲದ ಉಪಾಯ. ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷಿನ ಭಯ ಇರುವವರಿಗೆ ಇಲ್ಲಿಯೇ ನಾಲಿಗೆ ಪಳಗುತ್ತದೆ. ಮೊದಲು ನಿಮ್ಮ ಪ್ರಾಜೆಕ್ಟನ್ನು ಕನ್ನಡದಲ್ಲಿ ಪೂರ್ತಿ ವಿವರಿಸಿ, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿ. ಕನ್ನಡದಲ್ಲೂ ತಡವರಿಸಿದರೆ ಕೊರತೆ ವಿಷಯದ್ದು. ಇಂಗ್ಲಿಷಿನಲ್ಲಷ್ಟೇ ತಡವರಿಸಿದರೆ ಅದು ದಿನನಿತ್ಯದ ಅಭ್ಯಾಸದಿಂದ ಹೋಗುವಂಥದ್ದು.

ರಾತ್ರಿ ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಯಾರೊಂದಿಗೂ ಮಾತು ಬೇಡವೆನಿಸುವುದು ವಾರಗಟ್ಟಲೆ ಮುಂದುವರಿದರೆ ಅದನ್ನು ಸೋಮಾರಿತನ ಎಂದುಕೊಳ್ಳಬೇಡಿ. 14416 ಸಂಖ್ಯೆಗೆ ಕರೆ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಸುಳಿದರೂ ತಡಮಾಡದೆ ಆ ಸಂಖ್ಯೆಗೆ ಕರೆ ಮಾಡಿ, ಮನೆಯಲ್ಲಿ ನಂಬುವ ಒಬ್ಬರಿಗೆ ಹೇಳಿ.

ಬೆಂಗಳೂರಿಗೆ ಹೋಗಬೇಕೇ?

‘ಬೆಂಗಳೂರಿನಲ್ಲಿ ಇದ್ದರೆ ಮಾತ್ರ ಕೆಲಸ ಸಿಗುತ್ತದೆ’ ಎಂಬ ಮಾತು ಅರ್ಧ ನಿಜ. ವಾಕ್‌ಇನ್ ಸಂದರ್ಶನಗಳು, ಪರಿಚಯಗಳು ಅಲ್ಲಿ ಹೆಚ್ಚು. ಆದರೆ ಈಗ ಮೊದಲ ಸುತ್ತುಗಳು ಬಹುತೇಕ ಆನ್‌ಲೈನ್‌ನಲ್ಲೇ ನಡೆಯುತ್ತವೆ, ಮತ್ತು ಕರೆಯೇ ಬಾರದ ಹಂತದಲ್ಲಿ ಇರುವವರು ಪಿಜಿಯಲ್ಲಿ ಕುಳಿತರೂ ಕರೆ ಬರುವುದಿಲ್ಲ. ಪಿಜಿ ಬಾಡಿಗೆ, ಮುಂಗಡ, ಓಡಾಟ ಎಂದು ತಿಂಗಳು ತಿಂಗಳು ಮನೆಯಿಂದ ಹಣ ತರಿಸಿಕೊಳ್ಳುವ ಒತ್ತಡ ಸೇರಿದಾಗ ಸಿಕ್ಕಿದ ಯಾವುದೋ ಕೆಲಸಕ್ಕೆ ಸೇರಿಬಿಡುವ ಆತುರ ಹುಟ್ಟುತ್ತದೆ. ಆದ್ದರಿಂದ ತಿಂಗಳಿಗೆ ಎರಡು ಮೂರು ಸಂದರ್ಶನಗಳಾದರೂ ಬರತೊಡಗುವವರೆಗೆ ಊರಿನಲ್ಲೇ ಇರುವುದು ಲೇಸು ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಂಗಳೂರು ಇಲ್ಲಿಂದ ಸುಮಾರು 260 ಕಿಲೋಮೀಟರ್. ರಾತ್ರಿ ಊಟ ಮುಗಿಸಿ ಬಸ್ಸು ಹತ್ತಿದರೆ ಬೆಳಗಿನ ಜಾವಕ್ಕೆ ತಲುಪಬಹುದು. ಚಿತ್ರದುರ್ಗದವರಿಗೆ ಅದು ಇನ್ನೂ ಹತ್ತಿರ. ಸಂದರ್ಶನಗಳು ಹೆಚ್ಚಾದ ಮೇಲೆ, ಎರಡು ತಿಂಗಳ ಖರ್ಚನ್ನು ಮೊದಲೇ ಎತ್ತಿಟ್ಟುಕೊಂಡು ಹೊರಡಿ.

ಊರಿನಿಂದ ಆನ್‌ಲೈನ್ ಸಂದರ್ಶನ ಕೊಡುವವರು ವಿದ್ಯುತ್ ಕಡಿತವನ್ನು ಮರೆಯಬಾರದು. ಆ ದಿನದ ಬೆಸ್ಕಾಂ ಪ್ರಕಟಣೆ ನೋಡಿ, ಲ್ಯಾಪ್‌ಟಾಪ್ ಮತ್ತು ಫೋನ್ ಎರಡನ್ನೂ ಪೂರ್ತಿ ಚಾರ್ಜ್ ಮಾಡಿ, ವೈಫೈ ಹೋದರೆ ಮೊಬೈಲ್ ಹಾಟ್‌ಸ್ಪಾಟ್‌ಗೆ ಬದಲಿಸುವುದನ್ನು ಹಿಂದಿನ ದಿನವೇ ಒಮ್ಮೆ ಮಾಡಿ ನೋಡಿ.

ಹುಡುಕಾಟ ನಡೆಯುವಾಗಿನ ಕೈಖರ್ಚಿಗೆ ರಾಜ್ಯ ಸರ್ಕಾರದ ಯುವನಿಧಿ ಇದೆ. ಪದವಿ ಮುಗಿದು 180 ದಿನವಾದರೂ ಕೆಲಸ ಸಿಗದ ಅರ್ಹ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿ, ಗರಿಷ್ಠ 2 ವರ್ಷ ಸಿಗುತ್ತದೆ. ಸೇವಾ ಸಿಂಧು ತಾಣದಲ್ಲಿ ಅರ್ಜಿ ಹಾಕಿ, ನಿರುದ್ಯೋಗಿ ಎಂಬ ಸ್ವಯಂಘೋಷಣೆಯನ್ನು ಕಾಲಕಾಲಕ್ಕೆ ಕೊಡುತ್ತಿರಬೇಕು. ಇದನ್ನು ಪಡೆಯಲು ನಾಚಿಕೆಪಡಬೇಕಾಗಿಲ್ಲ. ಕಲಿಯುವುದಕ್ಕೂ ದೊಡ್ಡ ಶುಲ್ಕ ಬೇಕಿಲ್ಲ: ಐಐಟಿಗಳ ಆನ್‌ಲೈನ್ ಪಾಠಗಳ ತಾಣವಾದ ಎನ್‌ಪಿಟೆಲ್‌ನ ಪಾಠಗಳನ್ನು ಉಚಿತವಾಗಿ ನೋಡಬಹುದು, ಪ್ರಮಾಣಪತ್ರ ಬೇಕಾದವರಷ್ಟೇ ಪರೀಕ್ಷಾ ಶುಲ್ಕ ಕಟ್ಟುತ್ತಾರೆ. ‘ನೂರಕ್ಕೆ ನೂರು ಪ್ಲೇಸ್‌ಮೆಂಟ್’ ಎಂದು ಹೇಳುವ ತರಬೇತಿ ಕೇಂದ್ರಕ್ಕೆ ಹಣ ಕಟ್ಟುವ ಮೊದಲು, ಕಳೆದ ತಂಡದಲ್ಲಿ ಕೆಲಸ ಸಿಕ್ಕ ಇಬ್ಬರೊಂದಿಗೆ ನೀವೇ ಹುಡುಕಿ ಮಾತನಾಡಿ.

ಬೇಸತ್ತವರಿಗೆ ಬೀಸುವ ಬಲೆ

ಹುಡುಕಾಟ ಉದ್ದವಾದವರನ್ನೇ ಹುಡುಕಿಕೊಂಡು ಬರುವವರಿದ್ದಾರೆ. ಒಂದೆರಡು ಲಕ್ಷ ಕೊಟ್ಟರೆ ‘ಬ್ಯಾಕ್‌ಡೋರ್’ ಕೆಲಸ ಕೊಡಿಸುತ್ತೇವೆ ಎನ್ನುವವರು, ನೋಂದಣಿಗೆ, ಲ್ಯಾಪ್‌ಟಾಪಿಗೆ, ತರಬೇತಿಗೆ ಎಂದು ಠೇವಣಿ ಕೇಳುವವರು, ಪ್ರಸಿದ್ಧ ಕಂಪನಿಯ ಹೆಸರಿನಲ್ಲಿ ಜಿಮೇಲ್ ವಿಳಾಸದಿಂದ ಆಫರ್ ಲೆಟರ್ ಕಳುಹಿಸುವವರು. ಕೆಲಸ ಕೊಡಲು ಹಣ ಕೇಳಿದರು ಎಂದರೆ ಮಾತುಕತೆ ಅಲ್ಲಿಗೇ ನಿಲ್ಲಲಿ. ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ ಸೈಬರ್ ದೂರು ದಾಖಲಿಸಿ. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಅವಕಾಶ ಹೆಚ್ಚು.

ಇದಕ್ಕಿಂತ ಅಪಾಯದ್ದು ಸುಳ್ಳು ಅನುಭವ ಪತ್ರ. ‘ಎರಡು ವರ್ಷ ಎಕ್ಸ್‌ಪೀರಿಯನ್ಸ್ ಹಾಕಿಸಿಕೊಡುತ್ತೇವೆ, ಎಲ್ಲರೂ ಮಾಡುತ್ತಾರೆ’ ಎಂಬ ಮಾತಿಗೆ ಬುದ್ಧಿವಂತರೂ ಮರುಳಾಗುತ್ತಾರೆ. ಕಂಪನಿಗಳು ಹಿನ್ನೆಲೆ ಪರಿಶೀಲನೆಯಲ್ಲಿ ಭವಿಷ್ಯನಿಧಿಯ ಯುಎಎನ್ ಸಂಖ್ಯೆಯಿಂದ ನೀವು ಎಲ್ಲಿ, ಯಾವಾಗ ಕೆಲಸ ಮಾಡಿದ್ದಿರಿ ಎಂಬುದನ್ನು ನೋಡುತ್ತವೆ. ಸೇರಿದ ಆರು ತಿಂಗಳಿಗೆ, ವರ್ಷಕ್ಕೆ ಇದು ಹೊರಬಿದ್ದು ಕೆಲಸ ಕಳೆದುಕೊಂಡವರು ಮೊದಲಿದ್ದ ಜಾಗಕ್ಕಿಂತ ಹಿಂದೆ ಬೀಳುತ್ತಾರೆ. ಪಾಸಾದ ಮೇಲಿನ ಖಾಲಿ ವರ್ಷವನ್ನು ಮುಚ್ಚಿಡುವ ಬದಲು, ಆ ವರ್ಷದಲ್ಲಿ ಕಟ್ಟಿದ ತಾಣ, ಕಲಿತ ವಿಷಯ, ಮಾಡಿದ ಅಪ್ರೆಂಟಿಸ್‌ಶಿಪ್ ತೋರಿಸುವುದು ಸುರಕ್ಷಿತ ದಾರಿ. ಕೇಂದ್ರದ ಅಪ್ರೆಂಟಿಸ್‌ಶಿಪ್ ತಾಣವಾದ ನ್ಯಾಟ್ಸ್‌ನಲ್ಲಿ ನೋಂದಾಯಿಸಿಕೊಂಡರೆ ಭತ್ಯೆಯ ಜೊತೆಗೆ ಒಂದು ವರ್ಷದ ತರಬೇತಿ ಮತ್ತು ನಿಜವಾದ ಪ್ರಮಾಣಪತ್ರ ಸಿಗುವ ಅವಕಾಶವಿದೆ. ಸಪೋರ್ಟ್, ಟೆಸ್ಟಿಂಗ್, ಊರಿನದೇ ಸಣ್ಣ ತಂತ್ರಾಂಶ ಕಂಪನಿಯ ಕೆಲಸವನ್ನೂ ಕೀಳೆಂದು ಬಿಡಬೇಡಿ. ಕಡಿಮೆ ಸಂಬಳದ ನಿಜವಾದ ಒಂದು ವರ್ಷದ ಅನುಭವಕ್ಕೆ ಮುಂದಿನ ಸಂದರ್ಶನದಲ್ಲಿ ಬೆಲೆ ಇದೆ.

ಬ್ಯಾಂಕ್ ಪರೀಕ್ಷೆ, ಸರ್ಕಾರಿ ಹುದ್ದೆಗಳಿಗೂ ಜೊತೆಜೊತೆಗೆ ಓದಬಹುದೇ ಎಂದು ಹಲವರು ಕೇಳುತ್ತಾರೆ. ಎರಡನ್ನೂ ಅರ್ಧರ್ಧ ಮಾಡಿದವರಿಗೆ ಎರಡೂ ದಕ್ಕುವುದು ಕಷ್ಟ. ಆರು ತಿಂಗಳು ಒಂದಕ್ಕಷ್ಟೇ ಎಂದು ಗಡುವು ಹಾಕಿಕೊಳ್ಳಿ.

ಆಫರ್ ಬಂದ ಮೇಲೆ

ಆಫರ್ ಲೆಟರ್ ಕೈಗೆ ಬಂದ ದಿನ ಮನೆಗೆ ಸಿಹಿ ತನ್ನಿ, ಆದರೆ ಹುಡುಕಾಟದ ಶೀಟನ್ನು ಇನ್ನೂ ಮುಚ್ಚಬೇಡಿ. 2022ರ ನಂತರ ಆಫರ್ ಪಡೆದ ಸಾವಿರಾರು ಫ್ರೆಶರ್‌ಗಳು ಜಾಯಿನಿಂಗ್ ದಿನಾಂಕಕ್ಕಾಗಿ ತಿಂಗಳುಗಟ್ಟಲೆ, ಕೆಲವರು ವರ್ಷಕ್ಕೂ ಹೆಚ್ಚು ಕಾಲ ಕಾದಿದ್ದಾರೆ. ಪತ್ರದಲ್ಲಿ ಸೇರುವ ದಿನಾಂಕ ಇಲ್ಲದಿದ್ದರೆ ಮೇಲ್ ಮೂಲಕ ಕೇಳಿ, ಉತ್ತರವನ್ನು ಉಳಿಸಿಕೊಳ್ಳಿ. ಬಾಂಡ್ (ಇಂತಿಷ್ಟು ಕಾಲ ಕೆಲಸ ಬಿಡುವುದಿಲ್ಲ ಎಂಬ ಕರಾರು) ಇದ್ದರೆ ಎಷ್ಟು ವರ್ಷ, ಮಧ್ಯದಲ್ಲಿ ಬಿಟ್ಟರೆ ಎಷ್ಟು ಹಣ, ತರಬೇತಿಯ ಪರೀಕ್ಷೆಯಲ್ಲಿ ಅನುತ್ತೀರ್ಣರಾದರೆ ಏನು ಎಂಬ ಮೂರನ್ನೂ ಸಹಿ ಹಾಕುವ ಮೊದಲೇ ಓದಿ ತಿಳಿದುಕೊಳ್ಳಿ. ಮೂಲ ಅಂಕಪಟ್ಟಿಗಳನ್ನು ಪರಿಶೀಲನೆಗೆ ತೋರಿಸಿ, ಆದರೆ ಅವರ ಬಳಿ ಬಿಟ್ಟು ಬರಬೇಡಿ. ದಿನಕ್ಕೆ ಎರಡು ಗಂಟೆಯ ಅಭ್ಯಾಸ ಮತ್ತು ವಾರದ ಕೆಲವು ಅರ್ಜಿಗಳನ್ನು ಗುರುತಿನ ಚೀಟಿ ಕೊರಳಿಗೆ ಬೀಳುವ ದಿನದವರೆಗೆ ಮುಂದುವರಿಸಿ. ಸೇರಿದ ಮೇಲೆ, ನಿಮಗೆ ರೆಫರ್ ಮಾಡಿದವರಿಗೆ ಮತ್ತು ಅಭ್ಯಾಸಕ್ಕೆ ಜೊತೆ ಕುಳಿತ ಗೆಳೆಯರಿಗೆ ಅದೇ ದಿನ ತಿಳಿಸಿ, ನಿಮ್ಮ ಕಂಪನಿಯಲ್ಲಿ ಖಾಲಿಯಿರುವ ಹುದ್ದೆಗಳ ಗುರುತಿನ ಸಂಖ್ಯೆಗಳನ್ನು (ಜಾಬ್ ಐಡಿ) ಆ ಗೆಳೆಯರಿಗೆ ಕಳುಹಿಸಿ.